ಓಮಹಾಕ್ಕೆ ಹದಿನೇಳು ಸಲ

ಮೈಕ್ ಮಾರ್ಟಿನ್ ಅವರ ಬಗ್ಗೆ ಯಾರು ಬರೆದರೂ ಎರಡು ಅಂಕಿ ಬಂದೇ ಬರುತ್ತವೆ. ಒಂದು 2,029. ಇನ್ನೊಂದು ಸೊನ್ನೆ. ಮೊದಲನೆಯದು ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿಯ ಬೇಸ್‌ಬಾಲ್ ಕೋಚ್ ಆಗಿ ಅವರು ಗೆದ್ದ ಪಂದ್ಯಗಳು. 2019ರಲ್ಲಿ ಅವರು ನಿವೃತ್ತರಾದಾಗ ಅಮೆರಿಕದ ಕಾಲೇಜು ಬೇಸ್‌ಬಾಲ್‌ನ ಮೇಲಿನ ದರ್ಜೆಯಲ್ಲಿ ಅಷ್ಟು ಪಂದ್ಯ ಗೆದ್ದ ಕೋಚ್ ಇನ್ನೊಬ್ಬರಿರಲಿಲ್ಲ. ಎರಡನೆಯದು ಅವರು ಗೆದ್ದ ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗಳು.

ಇವೆರಡನ್ನೂ ಅಕ್ಕಪಕ್ಕ ಇಟ್ಟು ‘ಅಯ್ಯೋ ಪಾಪ’ ಅಂದುಬಿಡುವುದು ಸುಲಭ. ಬಹಳ ಜನ ಹಾಗೇ ಬರೆದಿದ್ದಾರೆ. ನನಗೆ ಆ ಪಾಪ ಅನ್ನುವ ಮಾತು ಅಷ್ಟು ಸರಿ ಕಾಣುವುದಿಲ್ಲ. ಅವರ ಲೆಕ್ಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಮೂರನೇ ಒಂದು ಅಂಕಿ, 40. ಅವರು ಕೋಚ್ ಆಗಿದ್ದದ್ದು 40 ಸೀಸನ್. ಒಂದೇ ಒಂದು ಸೀಸನ್‌ನಲ್ಲೂ ಅವರ ತಂಡ 40ಕ್ಕಿಂತ ಕಡಿಮೆ ಪಂದ್ಯ ಗೆದ್ದಿಲ್ಲ. ಇದನ್ನು ಓದಿದಾಗ ಮೊದಲು ನನಗೆ ನಂಬಿಕೆ ಬರಲಿಲ್ಲ. ಯಾಕೆ ಅನ್ನುವುದು ಈ ಆಟದ ಸ್ವಭಾವ ಗೊತ್ತಾದರೆ ಅರ್ಥವಾಗುತ್ತದೆ.

ಬೇಸ್‌ಬಾಲ್ ನೋಡದವರಿಗೆ ನಾಲ್ಕು ಮಾತು. ಒಂಬತ್ತು ಜನರ ತಂಡ, ಒಂಬತ್ತು ಇನಿಂಗ್ಸ್. ಮೈದಾನದ ಬೇಸ್‌ಗಳನ್ನು ಒಂದೊಂದಾಗಿ ಮುಟ್ಟಿ ಸುತ್ತು ಹಾಕಿ ಬಂದರೆ ಒಂದು ರನ್. ಒಂದು ಸರದಿಯಲ್ಲಿ ಮೂರು ಜನ ಔಟಾದರೆ ಬ್ಯಾಟಿಂಗ್ ಎದುರಾಳಿಗೆ ಹೋಗುತ್ತದೆ. ಚೆಂಡು ಎಸೆಯುವವನು ಪಿಚರ್. ಬ್ಯಾಟ್ ಹಿಡಿದವನ ಹಿಂದೆ ಕುಕ್ಕರುಗಾಲಲ್ಲಿ ಕೂತು ಅದನ್ನು ಹಿಡಿಯುವವನು ಕ್ಯಾಚರ್. ಪಿಚರ್ ನಾಲ್ಕು ಚೆಂಡನ್ನು ಗೊತ್ತಾದ ಚೌಕದ ಆಚೆ ಎಸೆದು, ಬ್ಯಾಟರ್ ಅವಕ್ಕೆ ಕೈ ಹಾಕದೆ ಸುಮ್ಮನೆ ನಿಂತರೆ, ಪುಕ್ಕಟೆಯಾಗಿ ಮೊದಲ ಬೇಸ್‌ಗೆ ನಡೆದುಕೊಂಡು ಹೋಗಬಹುದು. ಇದಕ್ಕೆ ವಾಕ್ ಅನ್ನುತ್ತಾರೆ. ಈ ವಾಕ್ ಸ್ವಲ್ಪ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಒಗ್ಗದ ಸಂಗತಿ ಒಂದಿದೆ. ಇಲ್ಲಿ ಒಳ್ಳೆಯ ತಂಡವೂ ಧಾರಾಳವಾಗಿ ಸೋಲುತ್ತದೆ. ವೃತ್ತಿಪರರ ಮೇಜರ್ ಲೀಗ್‌ನಲ್ಲಿ ಒಂದು ತಂಡಕ್ಕೆ ವರ್ಷಕ್ಕೆ 162 ಪಂದ್ಯ. ಅದರಲ್ಲಿ 100 ಗೆದ್ದ ತಂಡವನ್ನು ಎಲ್ಲರೂ ಹೊಗಳುತ್ತಾರೆ. ಆ ತಂಡ 62 ಸಲ ಸೋತು ಮನೆಗೆ ಹೋಗಿರುತ್ತದೆ. ಅತ್ಯುತ್ತಮ ಬ್ಯಾಟರ್ ಕೂಡ ಹತ್ತರಲ್ಲಿ ಆರೇಳು ಸಲ ಔಟಾಗುತ್ತಾನೆ. ನೇರವಾಗಿ ಹೊಡೆದ ಚೆಂಡು ಫೀಲ್ಡರ್ ಕೈಗೆ ಹೋಗುತ್ತದೆ, ತಪ್ಪಿ ಹೊಡೆದದ್ದು ಸಂದಿಯಲ್ಲಿ ಬಿದ್ದು ರನ್ ತರುತ್ತದೆ. ಒಂದು ದಿನದ ಫಲಿತಾಂಶ ನೋಡಿ ಯಾವ ತಂಡ ಮೇಲು ಅಂತ ಹೇಳುವುದು ಕಷ್ಟ. ಇಂಥ ಆಟದಲ್ಲಿ ಮಾರ್ಟಿನ್ ಅವರ ಪೂರ್ತಿ ದಾಖಲೆ 2,029 ಗೆಲುವು, 736 ಸೋಲು, 4 ಟೈ. ನೂರಕ್ಕೆ 73ಕ್ಕಿಂತ ಜಾಸ್ತಿ. ಅದೂ ನಾಲ್ಕು ದಶಕ.

ಕಾಲೇಜು ಸೀಸನ್ ಫೆಬ್ರವರಿಯಲ್ಲಿ ಶುರುವಾಗಿ ಜೂನ್‌ನಲ್ಲಿ ಮುಗಿಯುತ್ತದೆ. ಮಾಮೂಲಿ ಸೀಸನ್‌ಗೆ ಸುಮಾರು 56 ಪಂದ್ಯ. ಆಮೇಲೆ 64 ತಂಡಗಳನ್ನು ಆರಿಸಿ, ನಾಲ್ಕು ನಾಲ್ಕರಂತೆ 16 ಕಡೆ ಆಡಿಸುತ್ತಾರೆ. ಅದಕ್ಕೆ ರೀಜನಲ್ ಅಂತ ಹೆಸರು. ಅಲ್ಲಿ ಗೆದ್ದವರು ಇಬ್ಬಿಬ್ಬರಾಗಿ ಮೂರು ಪಂದ್ಯದ ಸರಣಿ ಆಡುತ್ತಾರೆ, ಅದು ಸೂಪರ್ ರೀಜನಲ್. ಅಲ್ಲೂ ಗೆದ್ದ ಎಂಟು ತಂಡಗಳು ನೆಬ್ರಾಸ್ಕಾ ರಾಜ್ಯದ ಓಮಹಾ ಊರಿಗೆ ಹೋಗುತ್ತವೆ. ಕಾಲೇಜು ವರ್ಲ್ಡ್ ಸೀರೀಸ್ 1950ರಿಂದ ನಡೆಯುತ್ತಿರುವುದು ಅದೇ ಊರಲ್ಲಿ. ಆಟಗಾರರು, ಕೋಚ್‌ಗಳು ಚಾಂಪಿಯನ್‌ಶಿಪ್ ಅನ್ನುವ ಪದ ಅಷ್ಟಾಗಿ ಬಳಸುವುದೇ ಇಲ್ಲ. ‘ಓಮಹಾಕ್ಕೆ ಹೋಗಬೇಕು’ ಅನ್ನುತ್ತಾರೆ, ಅಷ್ಟೇ. ಮಾರ್ಟಿನ್ ಅವರು ಕೋಚ್ ಆಗಿ 17 ಸಲ ಹೋದರು.

ಅವರು ಹುಟ್ಟಿದ್ದು 1944ರಲ್ಲಿ, ನಾರ್ತ್ ಕ್ಯಾರೊಲಿನಾದ ಶಾರ್ಲಟ್‌ನಲ್ಲಿ. ವಿಂಗೇಟ್ ಅನ್ನುವ ಸಣ್ಣ ಕಾಲೇಜಿನಲ್ಲಿ ಓದಿ, ಅಲ್ಲಿಂದ ಫ್ಲಾರಿಡಾ ಸ್ಟೇಟ್‌ಗೆ ಬಂದು, 1965ರಲ್ಲಿ ಆಟಗಾರನಾಗಿಯೇ ಮೊದಲ ಸಲ ಓಮಹಾ ನೋಡಿದರು. ಆಮೇಲೆ ಕೆಲವು ವರ್ಷ ಮೆಟ್ಸ್ ಮತ್ತು ಟೈಗರ್ಸ್ ಸಂಸ್ಥೆಗಳ ಕೆಳಹಂತದ ತಂಡಗಳಲ್ಲಿ ಆಡಿದರು. ಮೇಜರ್ ಲೀಗ್ ಮುಟ್ಟಲಿಲ್ಲ. ಫ್ಲಾರಿಡಾ ಸ್ಟೇಟ್ ಇರುವ ಊರು ಟ್ಯಾಲಹಾಸಿಗೆ ವಾಪಸ್ ಬಂದು ಅಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿ ಕೋಚ್ ಆದರು. ಬೇಸ್‌ಬಾಲ್ ಕೋಚ್ ಅಲ್ಲ, ಬಾಸ್ಕೆಟ್‌ಬಾಲ್ ಕೋಚ್! 1975ರಲ್ಲಿ ಫ್ಲಾರಿಡಾ ಸ್ಟೇಟ್ ಬೇಸ್‌ಬಾಲ್ ತಂಡಕ್ಕೆ ಅಸಿಸ್ಟೆಂಟ್ ಆಗಿ ಸೇರಿಕೊಂಡರು.

ಮುಖ್ಯ ಕೋಚ್ ಹುದ್ದೆ ಸಿಕ್ಕಿದ್ದರಲ್ಲಿ ನ್ಯೂಯಾರ್ಕ್ ಯಾಂಕೀಸ್ ಪಾತ್ರವೂ ಇದೆ. 1979ರಲ್ಲಿ ಫ್ಲಾರಿಡಾ ಸ್ಟೇಟ್ ಕೋಚ್ ಆಗಿದ್ದವರು ಡಿಕ್ ಹೌಸರ್. ಆ ಕಾಲೇಜಿನ ಹಳೆಯ ಹೀರೋ, ಮೇಜರ್ ಲೀಗ್‌ನಲ್ಲಿ ಆಡಿ ಬಂದವರು. ಅವರು ಒಂದೇ ಸೀಸನ್ ಇದ್ದರು. ಯಾಂಕೀಸ್ ತಂಡಕ್ಕೆ ಮ್ಯಾನೇಜರ್ (ವೃತ್ತಿಪರ ತಂಡದ ಮುಖ್ಯ ಕೋಚ್) ಬೇಕು ಅಂತ ಕರೆ ಬಂತು, ಹೊರಟರು. ಯಾರು ತಾನೇ ಬೇಡ ಅನ್ನುತ್ತಾರೆ? ಮುಂದೆ 1985ರಲ್ಲಿ ಹೌಸರ್ ಅವರು ಕಾನ್ಸಸ್ ಸಿಟಿ ರಾಯಲ್ಸ್ ತಂಡಕ್ಕೆ ವರ್ಲ್ಡ್ ಸೀರೀಸ್, ಅಂದರೆ ಮೇಜರ್ ಲೀಗ್‌ನ ಫೈನಲ್, ಗೆಲ್ಲಿಸಿಕೊಟ್ಟರು. ಎರಡೇ ವರ್ಷದಲ್ಲಿ ಮೆದುಳಿನ ಗೆಡ್ಡೆಯಿಂದ ತೀರಿಕೊಂಡರು. ಅವರು ಬಿಟ್ಟುಹೋದ ಕುರ್ಚಿಯಲ್ಲಿ ಕೂತ 35 ವರ್ಷದ ಅಸಿಸ್ಟೆಂಟ್ 75 ದಾಟುವವರೆಗೂ ಏಳಲಿಲ್ಲ. ಈಗ ಆ ಸ್ಟೇಡಿಯಂಗೆ ಹೌಸರ್ ಹೆಸರು, ಒಳಗಿನ ಮೈದಾನಕ್ಕೆ ಮಾರ್ಟಿನ್ ಹೆಸರು.

1980ರಲ್ಲಿ, ಮೊದಲ ಸೀಸನ್‌ನಲ್ಲೇ ತಂಡವನ್ನು ಓಮಹಾಕ್ಕೆ ಕರೆದುಕೊಂಡು ಹೋದರು.

ಈಗ ಆ 40ರ ವಿಷಯಕ್ಕೆ ಬರೋಣ. ವೃತ್ತಿಪರ ತಂಡದ ಮ್ಯಾನೇಜರ್‌ಗೆ ಒಬ್ಬ ಒಳ್ಳೆಯ ಆಟಗಾರ ಸಿಕ್ಕಿದರೆ ಹತ್ತು ವರ್ಷ ಇಟ್ಟುಕೊಳ್ಳಬಹುದು. ಕಾಲೇಜು ಕೋಚ್‌ಗೆ ಆ ಭಾಗ್ಯವಿಲ್ಲ. ಬೇಸ್‌ಬಾಲ್‌ನಲ್ಲಂತೂ ಎರಡು ಕಡೆಯಿಂದ ಕಿತ್ತುಕೊಳ್ಳುತ್ತಾರೆ. ಹೈಸ್ಕೂಲ್ ಮುಗಿಸಿದ 18ರ ಹುಡುಗನನ್ನು ಕೋಚ್ ಎರಡು ವರ್ಷ ಹಿಂದೆ ಬಿದ್ದು ಒಪ್ಪಿಸಿರುತ್ತಾರೆ. ಮೇಜರ್ ಲೀಗ್ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. ಆ ದಿನ ಯಾವುದೋ ತಂಡ ಲಕ್ಷಾಂತರ ಡಾಲರ್ ತೋರಿಸುತ್ತದೆ, ಹುಡುಗ ಕಾಲೇಜಿಗೆ ಬರುವುದೇ ಇಲ್ಲ. ಬಂದವನು ಮೂರು ವರ್ಷ ಆಡಿದರೆ ಮತ್ತೆ ಡ್ರಾಫ್ಟ್‌ಗೆ ಸಿಗುತ್ತಾನೆ. ಚೆನ್ನಾಗಿ ಆಡಿದಷ್ಟೂ ಬೇಗ ಹೋಗುತ್ತಾನೆ. ಅಂದರೆ ಕೋಚ್ ಕೆಲಸ ಚೆನ್ನಾಗಿ ಮಾಡಿದಷ್ಟೂ ಮುಂದಿನ ವರ್ಷದ ತಂಡ ಬರಿದಾಗುತ್ತದೆ. ಇದರ ಮೇಲೆ ದುಡ್ಡಿನ ಕಟ್ಟುಪಾಡು. ಬಹುಕಾಲ ಒಂದು ಬೇಸ್‌ಬಾಲ್ ತಂಡಕ್ಕೆ ಇದ್ದದ್ದು 11.7 ಸ್ಕಾಲರ್‌ಶಿಪ್ ಮಾತ್ರ. ಮೂವತ್ತಕ್ಕೂ ಜಾಸ್ತಿ ಹುಡುಗರಿರುವ ತಂಡ. ಇವನಿಗೆ ಅರ್ಧ, ಅವನಿಗೆ ಕಾಲು ಅಂತ ಹಂಚಬೇಕು. ಬೇರೆ ಕಾಲೇಜು ಪೂರ್ತಿ ಕೊಡುತ್ತೇನೆ ಅಂದಾಗ ‘ಇಲ್ಲಿಗೇ ಬಾ’ ಅಂತ ಅಪ್ಪ ಅಮ್ಮನನ್ನು ಒಪ್ಪಿಸಬೇಕು.

ಆಟದ ಸಲಕರಣೆ ಕೂಡ ಒಂದೇ ಥರ ಇರಲಿಲ್ಲ. ಮೇಜರ್ ಲೀಗ್‌ನಲ್ಲಿ ಮರದ ಬ್ಯಾಟ್, ಕಾಲೇಜಿನಲ್ಲಿ ಅಲ್ಯುಮಿನಿಯಂ. ಚೆಂಡು ತಾಗಿದರೆ ಠಣ್ ಅನ್ನುತ್ತದೆ. 90ರ ದಶಕದಲ್ಲಿ ಆ ಬ್ಯಾಟ್‌ಗಳು ಎಷ್ಟು ಚುರುಕಾಗಿದ್ದವು ಅಂದರೆ 1998ರ ಓಮಹಾ ಫೈನಲ್‌ನಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಅರಿಝೋನಾ ಸ್ಟೇಟ್ ಅನ್ನು 21-14ರಿಂದ ಸೋಲಿಸಿತು. ಇದು ಬೇಸ್‌ಬಾಲ್ ಸ್ಕೋರ್ ಅಂದರೆ ಯಾರೂ ನಂಬಬಾರದು, ಹಾಗಿತ್ತು. ಆಮೇಲೆ ನಿಯಮ ಬಿಗಿಯಾಯಿತು. 2011ರಲ್ಲಿ ಇನ್ನೂ ಬಿಗಿಯಾಗಿ, ಬ್ಯಾಟ್‌ಗಳು ಮರದಷ್ಟೇ ಮಂಕಾದವು. ಹೋಮ್ ರನ್, ಅಂದರೆ ನಮ್ಮ ಸಿಕ್ಸರ್ ಥರ ಚೆಂಡನ್ನು ಬೇಲಿಯಾಚೆ ಹೊಡೆಯುವ ಹೊಡೆತಗಳು, ಒಮ್ಮೆಲೇ ಕುಸಿದವು. ಒಂದು ಕಾಲಕ್ಕೆ ಹೊಂದುವಂತೆ ತಂಡ ಕಟ್ಟಿದ ಕೋಚ್‌ಗಳು ಇನ್ನೊಂದು ಕಾಲದಲ್ಲಿ ಕಳೆದುಹೋದರು. ಮಾರ್ಟಿನ್ ಅವರ ತಂಡ ಆ ಎಲ್ಲ ಬದಲಾವಣೆಗಳ ನಡುವೆ ವರ್ಷ ವರ್ಷವೂ 40 ಗೆಲುವು ಎಣಿಸಿತು, ವರ್ಷ ವರ್ಷವೂ ರಾಷ್ಟ್ರೀಯ ಟೂರ್ನಮೆಂಟಿಗೆ ಆಯ್ಕೆಯಾಯಿತು. ಒಂದು ವರ್ಷ ಕೆಟ್ಟದಾಗಿ ಆಡಿಬಿಡೋಣ, ಮತ್ತೆ ಕಟ್ಟೋಣ ಅನ್ನುವ ರಜೆ ಅವರು ತೆಗೆದುಕೊಳ್ಳಲೇ ಇಲ್ಲ.

ಹುಡುಗರ ವಿಷಯ ಹೇಳಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಬಸ್ಟರ್ ಪೋಸಿ ನನಗೆ ಇಷ್ಟದ ಉದಾಹರಣೆ. ಜಾರ್ಜಿಯಾ ರಾಜ್ಯದ ಲೀಸ್‌ಬರ್ಗ್ ಅನ್ನುವ ಊರಿನ ಹುಡುಗ. 2005ರ ಡ್ರಾಫ್ಟ್‌ನಲ್ಲಿ ಏಂಜಲ್ಸ್ ತಂಡ ಇವನ ಹೆಸರು ಕರೆದದ್ದು 50ನೇ ಸುತ್ತಿನಲ್ಲಿ. ಅಂದರೆ ಕೊನೆಯ ಸುತ್ತಿನಲ್ಲಿ. ಅದನ್ನು ಬಿಟ್ಟು ಫ್ಲಾರಿಡಾ ಸ್ಟೇಟ್‌ಗೆ ಬಂದ. ಮೊದಲ ವರ್ಷ ಶಾರ್ಟ್‌ಸ್ಟಾಪ್ ಜಾಗದಲ್ಲಿ ಆಡಿದ, ಅದೂ ಚೆನ್ನಾಗಿಯೇ. ಶಾರ್ಟ್‌ಸ್ಟಾಪ್ ಅಂದರೆ ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವವನು. ಫೀಲ್ಡಿಂಗ್‌ನಲ್ಲಿ ಎಲ್ಲರಿಗಿಂತ ಚುರುಕಾದವನಿಗೆ ಕೊಡುವ ಜಾಗ. ಅಲ್ಲಿ ಗೆದ್ದ ಹುಡುಗನನ್ನು ಕದಲಿಸುವ ಅಗತ್ಯ ಯಾರಿಗೂ ಕಾಣುವುದಿಲ್ಲ.

ಮಾರ್ಟಿನ್ ಅವರ ಮಗ, ಅವರ ಹೆಸರೂ ಮೈಕ್ ಮಾರ್ಟಿನ್, ಆಗ ತಂಡದ ಅಸಿಸ್ಟೆಂಟ್ ಕೋಚ್. ಅಪ್ಪನ ತಂಡದಲ್ಲೇ ಕ್ಯಾಚರ್ ಆಗಿ ಆಡಿದ್ದವರು. ಪೋಸಿ ಕ್ಯಾಚರ್ ಆಗಬಹುದು ಅಂತ ಮೊದಲು ಕಂಡದ್ದು ಅವರಿಗೆ. ಕ್ಯಾಚರ್ ಕೆಲಸ ಅಂದರೆ ಮೊಣಕಾಲು ಸವೆಸುವ ಕೆಲಸ. ಪ್ರತಿ ಚೆಂಡಿಗೂ ಕೂತೇಳಬೇಕು. ಮುಖಕ್ಕೆ ಜಾಲರಿ, ಎದೆಗೆ ಕವಚ. ಯಾವ ಚೆಂಡು ಎಸೆಯಬೇಕು ಅನ್ನುವ ಲೆಕ್ಕಾಚಾರದಲ್ಲಿ ಪಿಚರ್ ಜೊತೆ ಅರ್ಧ ಪಾಲು ಅವನದೇ. ಶಾರ್ಟ್‌ಸ್ಟಾಪ್ ಆಗಿ ಹೆಸರು ಮಾಡಿದವನಿಗೆ ‘ನಾಳೆಯಿಂದ ಕೂತು ಚೆಂಡು ಹಿಡಿ’ ಅಂದರೆ ಮುಖ ಸಣ್ಣದಾಗುವುದು ಸಹಜ ಅಲ್ವಾ? ಪೋಸಿ ಒಪ್ಪಿದ. 2007ರಿಂದ ಕ್ಯಾಚರ್.

2008ರಲ್ಲಿ ಅವನ ಬ್ಯಾಟಿಂಗ್ ಸರಾಸರಿ .463, ಅಂದರೆ ನೂರಕ್ಕೆ 46 ಸಲ ಹೊಡೆದು ಬೇಸ್ ಮುಟ್ಟಿದ. ಹೋಮ್ ರನ್ 26. ಬೇಕಾದಾಗ ಕೊನೆಯ ಇನಿಂಗ್ಸ್‌ನಲ್ಲಿ ಪಿಚರ್ ಆಗಿಯೂ ಬರುತ್ತಿದ್ದ. ಆ ಮೇ ತಿಂಗಳಲ್ಲಿ ಸವಾನಾ ಸ್ಟೇಟ್ ವಿರುದ್ಧದ ಒಂದು ಪಂದ್ಯದಲ್ಲಿ ಒಂಬತ್ತು ಜಾಗಗಳಲ್ಲೂ ಆಡಿದ, ಒಂದೊಂದು ಇನಿಂಗ್ಸ್ ಒಂದೊಂದು ಕಡೆ. ಮೂರು ಬೇಸ್‌ನಲ್ಲೂ ಜನ ಇದ್ದಾಗ ಹೋಮ್ ರನ್ ಹೊಡೆದದ್ದೂ ಅವತ್ತೇ. ಸುಮ್ನೆ ತಮಾಷೆಗೆ ಮಾಡಿಸಿದ್ದು ಅನ್ನಿಸಬಹುದು. ನನಗೆ ಅದರಲ್ಲಿ ಕಾಣುವುದು ಬೇರೆ. ನಾಲ್ಕು ದಶಕದ ಕೋಚ್, ಗೆಲುವಿನ ಲೆಕ್ಕ ಇಡುವ ಮನುಷ್ಯ, ಹುಡುಗನ ಖುಷಿಗೆ ಒಂದು ದಿನ ಮೀಸಲಿಡುವುದು ಗೊತ್ತಿದ್ದವರು. ಆ ವರ್ಷ ಕಾಲೇಜಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಗೋಲ್ಡನ್ ಸ್ಪೈಕ್ಸ್ ಪ್ರಶಸ್ತಿ ಪೋಸಿಗೆ ಬಂತು. ಮೂರು ವರ್ಷದ ಹಿಂದೆ 50ನೇ ಸುತ್ತಿನಲ್ಲಿ ಹೆಸರು ಕರೆಸಿಕೊಂಡವನನ್ನು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಐದನೆಯವನಾಗಿ ಆರಿಸಿಕೊಂಡಿತು. 2010, 2012, 2014 ಹೀಗೆ ಮೂರು ವರ್ಲ್ಡ್ ಸೀರೀಸ್ ಗೆದ್ದ. ಮೂರರಲ್ಲೂ ಕ್ಯಾಚರ್ ಆಗಿ.

ಇಂಥವರು ಇನ್ನೂ ಇದ್ದಾರೆ. ಜೆ.ಡಿ. ಡ್ರೂ 1997ರಲ್ಲಿ ಒಂದೇ ಸೀಸನ್‌ನಲ್ಲಿ 30ಕ್ಕೂ ಜಾಸ್ತಿ ಹೋಮ್ ರನ್, 30ಕ್ಕೂ ಜಾಸ್ತಿ ಬೇಸ್ ಕದಿಯುವಿಕೆ (ಪಿಚರ್ ಎಸೆಯುವ ಹೊತ್ತಿಗೆ ಮುಂದಿನ ಬೇಸ್‌ಗೆ ಓಡಿ ಸೇರುವುದು) ಮಾಡಿದ. ಕಾಲೇಜು ಆಟದ ಮೇಲಿನ ದರ್ಜೆಯಲ್ಲಿ ಅದಕ್ಕೆ ಮುಂಚೆ ಯಾರೂ ಮಾಡಿರಲಿಲ್ಲ. ಅಮೆರಿಕನ್ ಫುಟ್‌ಬಾಲ್‌ನ ಹೆಸರಾಂತ ಆಟಗಾರರಾದ ಡಿಯಾನ್ ಸ್ಯಾಂಡರ್ಸ್, ಜೇಮಿಸ್ ವಿನ್‌ಸ್ಟನ್ ಇಬ್ಬರೂ ಮಾರ್ಟಿನ್ ಅವರ ಕೈಯಲ್ಲಿ ಬೇಸ್‌ಬಾಲ್ ಆಡಿದವರು. ಟ್ಯಾಂಪಾ ಬೇ ರೇಸ್ ತಂಡದ ಮ್ಯಾನೇಜರ್ ಆದ ಕೆವಿನ್ ಕ್ಯಾಶ್ ಕೂಡ ಅಲ್ಲಿಯವರೇ. ಡಗ್ ಮೆಂಟ್‌ಕೇವಿಚ್ ಅನ್ನುವವನಂತೂ, 2004ರಲ್ಲಿ ಬಾಸ್ಟನ್ ರೆಡ್ ಸಾಕ್ಸ್ 86 ವರ್ಷ ಕಾದು ವರ್ಲ್ಡ್ ಸೀರೀಸ್ ಗೆದ್ದಾಗ, ಆ ಕೊನೆಯ ಔಟ್‌ನ ಚೆಂಡು ಹಿಡಿದವನು. ಶಿಷ್ಯರ ಬೆರಳಲ್ಲೆಲ್ಲ ಚಾಂಪಿಯನ್ ಉಂಗುರ. ಗುರುಗಳಿಗೆ ಒಂದೂ ಇಲ್ಲ.

ಉಂಗುರ ಯಾಕೆ ಬರಲಿಲ್ಲ? 1986ರಲ್ಲಿ ಫೈನಲ್ ತನಕ ಹೋಗಿ ಅರಿಝೋನಾ ವಿರುದ್ಧ 10-2ರಿಂದ ಸೋತರು. ಅದು ಒಂದು ಥರ ನೋವಿಲ್ಲದ ಸೋಲು. ಎದುರಾಳಿ ಎಲ್ಲದರಲ್ಲೂ ಮೇಲಿದ್ದ, ಮುಗಿಯಿತು. 1999ರದ್ದು ಹಾಗಲ್ಲ. ಆ ವರ್ಷದ ತಂಡದಲ್ಲಿ ಮಾರ್ಶಲ್ ಮ್ಯಾಕ್‌ಡೂಗಲ್ ಅನ್ನುವ ಹುಡುಗನಿದ್ದ. ಮೇ ತಿಂಗಳಲ್ಲಿ ಮೇರಿಲ್ಯಾಂಡ್ ವಿರುದ್ಧ ಒಂದೇ ಪಂದ್ಯದಲ್ಲಿ ಆರು ಹೋಮ್ ರನ್ ಹೊಡೆದು, 16 ರನ್ ತಂದಿದ್ದ. ಓಮಹಾದಲ್ಲೂ ಅವನೇ ಟೂರ್ನಮೆಂಟಿನ ಅತ್ಯುತ್ತಮ ಆಟಗಾರ. ಆದರೂ ಫೈನಲ್‌ನಲ್ಲಿ ಮಯಾಮಿ 6, ಫ್ಲಾರಿಡಾ ಸ್ಟೇಟ್ 5. ಒಂದೇ ರನ್. ಆಗ ಫೈನಲ್ ಅಂದರೆ ಒಂದೇ ಪಂದ್ಯ. ಮೂರು ಪಂದ್ಯದ ಫೈನಲ್ ಬಂದದ್ದು 2003ರಲ್ಲಿ. ಗೆದ್ದ ಮಯಾಮಿಯ ಕೋಚ್ ಜಿಮ್ ಮಾರಿಸ್ ಮಾರ್ಟಿನ್ ಅವರ ಮೊದಲ ವರ್ಷಗಳಲ್ಲಿ ಅವರದೇ ಕೈಕೆಳಗೆ ಅಸಿಸ್ಟೆಂಟ್ ಆಗಿದ್ದವರು. ಇದಕ್ಕೆ ಏನು ಹೇಳೋಣ.

2008ರದ್ದು ಇನ್ನೊಂದು ಥರ. ಪೋಸಿ ಇದ್ದ ತಂಡ. ಸ್ಟ್ಯಾನ್‌ಫರ್ಡ್ ವಿರುದ್ಧ ಎಂಟು ಇನಿಂಗ್ಸ್ ಮುಗಿದಾಗ 5-5. ಒಂಬತ್ತನೆಯ ಇನಿಂಗ್ಸ್ ಒಂದರಲ್ಲೇ ಸ್ಟ್ಯಾನ್‌ಫರ್ಡ್ 11 ರನ್ ಹೊಡೆಯಿತು. ಪಂದ್ಯ 16-5. ಆಮೇಲೆ ಮಯಾಮಿ ಕೈಯಲ್ಲೂ ಸೋತು ಮನೆಗೆ ಬಂದರು. ಎರಡು ಸೋತರೆ ಹೊರಗೆ, ಅದೇ ಅಲ್ಲಿನ ನಿಯಮ.

ಒಂದು ಸಣ್ಣ ಲೆಕ್ಕ ಮಾಡಿ ನೋಡಿದೆ. ಓಮಹಾಕ್ಕೆ ಬರುವ ಎಂಟೂ ತಂಡ ಸಮಬಲ ಅಂದುಕೊಳ್ಳಿ. ಒಂದೊಂದು ಸಲ ಗೆಲ್ಲುವ ಸಾಧ್ಯತೆ ಎಂಟರಲ್ಲಿ ಒಂದು. 17 ಸಲ ಹೋದವರು ಸರಾಸರಿ ಎರಡು ಸಲ ಗೆಲ್ಲಬೇಕು. ಒಂದೂ ಗೆಲ್ಲದೆ ಉಳಿಯುವ ಸಾಧ್ಯತೆ ಎಷ್ಟು? ಏಳು ಭಾಗಿಸು ಎಂಟು, ಅದನ್ನು ಅದರಿಂದಲೇ 17 ಸಲ ಬರುವಂತೆ ಗುಣಿಸಿದರೆ ನೂರಕ್ಕೆ ಹತ್ತು ಬರುತ್ತದೆ. ಹತ್ತು ಜನ ಮಾರ್ಟಿನ್‌ಗಳನ್ನು ಹದಿನೇಳು ಹದಿನೇಳು ಸಲ ಕಳಿಸಿದ್ದರೆ ಒಬ್ಬರಿಗೆ ಹೀಗೇ ಆಗುತ್ತಿತ್ತು. ಟ್ಯಾಲಹಾಸಿಗೆ ಸಿಕ್ಕಿದ್ದು ಆ ಹತ್ತನೆಯವರು.

ಹಾಗಂತ ಎಲ್ಲವನ್ನೂ ಹಣೆಬರಹದ ಮೇಲೆ ಹಾಕಿ ಕೈ ತೊಳೆದುಕೊಳ್ಳುವುದೂ ಸರಿಯಲ್ಲ. ಅವರ ಆಟದ ಶೈಲಿಯಲ್ಲೇ ಒಂದು ಕಾರಣ ಇತ್ತು ಅಂತ ನನ್ನ ಅನಿಸಿಕೆ. ವಾಕ್ ನೆನಪಿದೆಯಲ್ಲ? ಫ್ಲಾರಿಡಾ ಸ್ಟೇಟ್ ಹುಡುಗರು ವಾಕ್ ತೆಗೆದುಕೊಳ್ಳುವುದರಲ್ಲಿ ಎತ್ತಿದ ಕೈ. ಕೆಟ್ಟ ಚೆಂಡಿಗೆ ಬ್ಯಾಟ್ ಬೀಸಬೇಡ, ಪಿಚರ್ ಸುಸ್ತಾಗಲಿ, ಅವನೇ ಬೇಸ್ ಕೊಡುತ್ತಾನೆ ಅನ್ನುವುದು ಅವರ ಪಾಠ. ಅರವತ್ತು ಪಂದ್ಯದ ಸೀಸನ್‌ನಲ್ಲಿ ಇದು ಬಂಗಾರದಂಥ ಪಾಠ. ವಾರದ ನಡುವಿನ ಪಂದ್ಯಗಳಲ್ಲಿ ಎದುರಾಳಿಯ ಮೂರನೇ, ನಾಲ್ಕನೇ ಪಿಚರ್ ಬರುತ್ತಾನೆ. ಅವನಿಗೆ ಚೌಕ ಸಿಗುವುದಿಲ್ಲ. ತಾಳ್ಮೆಯ ತಂಡ ಗೆಲ್ಲುತ್ತದೆ, 40 ದಾಟುತ್ತದೆ. ಓಮಹಾದಲ್ಲಿ ಮಾತ್ರ ದೇಶದ ಅತ್ಯುತ್ತಮ ಎಂಟು ತಂಡಗಳ ಅತ್ಯುತ್ತಮ ಪಿಚರ್‌ಗಳು ಎದುರಿಗೆ ನಿಲ್ಲುತ್ತಾರೆ. ಅವರು ಪುಕ್ಕಟೆ ಏನೂ ಕೊಡುವುದಿಲ್ಲ. ಹೊಡೆದೇ ಗಳಿಸಬೇಕು. ವರ್ಷವಿಡೀ ಗೆಲ್ಲಿಸಿದ ಬುದ್ಧಿ ಆ ಹತ್ತು ದಿನ ಅಷ್ಟಾಗಿ ಕೆಲಸಕ್ಕೆ ಬರುತ್ತಿರಲಿಲ್ಲವೇನೋ. ಒಪ್ಪದವರು ಇರಬಹುದು. ಲೂಯಿಸಿಯಾನಾ ಸ್ಟೇಟ್‌ನ ಸ್ಕಿಪ್ ಬರ್ಟ್‌ಮನ್ ಅವರು 1991ರಿಂದ 2000ದೊಳಗೆ ಐದು ಸಲ ಗೆದ್ದರು. ಅದೇ ಹತ್ತು ವರ್ಷದಲ್ಲಿ ಮಾರ್ಟಿನ್ ಅವರು ಓಮಹಾಕ್ಕೆ ಎಂಟು ಸಲ ಹೋದರು. ಐದು ಸಲ ಗೆದ್ದವರ ಮುಂದೆ ಬರೀ ಅದೃಷ್ಟದ ಕಥೆ ಹೇಳಲು ನನಗೆ ಸ್ವಲ್ಪ ಸಂಕೋಚ.

ಪಕ್ಕದಲ್ಲೇ ಇನ್ನೊಬ್ಬರಿದ್ದರು. ಫ್ಲಾರಿಡಾ ಸ್ಟೇಟ್‌ನ ಫುಟ್‌ಬಾಲ್ ಕೋಚ್ ಬಾಬಿ ಬೌಡನ್. ಅವರೂ 1991, 1992ರಲ್ಲಿ ಮಯಾಮಿ ವಿರುದ್ಧ ಕೊನೆಯ ಗಳಿಗೆಯ ಒದೆತ ಬಲಕ್ಕೆ ಜಾರಿ ಸೋತವರು. ದೊಡ್ಡ ಪಂದ್ಯ ಗೆಲ್ಲಲಾರದವರು ಅನ್ನುವ ಮಾತು ಕೇಳಿಸಿಕೊಂಡವರು. ಆದರೆ 1993ರಲ್ಲಿ ಗೆದ್ದರು, 1999ರ ಸೀಸನ್‌ನಲ್ಲಿ ಮತ್ತೆ ಗೆದ್ದರು. ಬೇಸ್‌ಬಾಲ್ ತಂಡ ಒಂದು ರನ್‌ನಿಂದ ಸೋತ ಆರೇಳು ತಿಂಗಳಿಗೆ ಅದೇ ಊರಲ್ಲಿ ಫುಟ್‌ಬಾಲ್ ವಿಜಯದ ಸಂಭ್ರಮ. ಆಮೇಲೆ ಬೌಡನ್ ಅವರನ್ನು ಆ ಪ್ರಶ್ನೆ ಯಾರೂ ಕೇಳಲಿಲ್ಲ. ಮಾರ್ಟಿನ್ ಅವರಿಗೆ ಪ್ರತಿ ಜೂನ್‌ನಲ್ಲೂ ಅದೇ ಪ್ರಶ್ನೆ. ಅವರು ರೇಗುತ್ತಿರಲಿಲ್ಲ. ಅದೊಂದೇ ತನ್ನ ಬದುಕಿನ ಲೆಕ್ಕವಲ್ಲ ಅನ್ನುವ ಅರ್ಥದ ಮಾತಾಡಿ ಮುಂದೆ ಹೋಗುತ್ತಿದ್ದರು.

ಆಟಗಾರರು ಅವರನ್ನು ಕರೆಯುತ್ತಿದ್ದದ್ದು ‘ಇಲೆವೆನ್’ ಅಂತ. ಬೆನ್ನ ಮೇಲಿನ ಅಂಕಿ 11. ಕೋಚ್‌ಗಳೂ ಆಟಗಾರರ ಹಾಗೇ ಸಮವಸ್ತ್ರ ಹಾಕಿ ಕೂರುವುದು ಬೇಸ್‌ಬಾಲ್ ಪದ್ಧತಿ. ಎಪ್ಪತ್ತು ದಾಟಿದ ಅಜ್ಜ ಬಿಗಿಯಾದ ಪ್ಯಾಂಟು, ಟೋಪಿ ಹಾಕಿ ಹುಡುಗರ ನಡುವೆ ಓಡಾಡುವುದು ಮೊದಲು ನೋಡಿದಾಗ ನಗು ಬರುತ್ತದೆ. ಆ ಹೌಸರ್ ಸ್ಟೇಡಿಯಂನ ಸೆಕ್ಷನ್ ಬಿಯಲ್ಲಿ ಕೂರುವ ಅಭಿಮಾನಿಗಳ ಗುಂಪಿಗೆ ಆನಿಮಲ್ಸ್ ಅಂತಲೇ ಹೆಸರು. ಎದುರಾಳಿಗಳನ್ನು ಕಿಚಾಯಿಸುವುದು ಅವರ ಕಸುಬು. ಐದನೇ ಇನಿಂಗ್ಸ್‌ನಲ್ಲಿ ಎಲ್ಲರೂ ಎದ್ದು ನಿಂತು ಕೆನಡಾದ ರಾಷ್ಟ್ರಗೀತೆ ಹಾಡುತ್ತಾರೆ. ಫ್ಲಾರಿಡಾದಲ್ಲಿ, ಕೆನಡಾದ್ದು! ಅಂಥ ಜನರ ನಡುವೆ 40 ವರ್ಷ.

ಗೆಲುವಿನ ದಾಖಲೆ ಅದಕ್ಕೆ ಮುಂಚೆ ಆಗೀ ಗರ್ರಿಡೊ ಅವರ ಹೆಸರಲ್ಲಿತ್ತು. ಕ್ಯಾಲ್ ಸ್ಟೇಟ್ ಫುಲರ್ಟನ್‌ನಲ್ಲಿ ಮೂರು, ಟೆಕ್ಸಸ್‌ನಲ್ಲಿ ಎರಡು ಚಾಂಪಿಯನ್‌ಶಿಪ್. ಒಟ್ಟು ಗೆಲುವು 1,975. ಅವರು 2018ರ ಮಾರ್ಚ್‌ನಲ್ಲಿ ತೀರಿಕೊಂಡರು. ಎರಡು ತಿಂಗಳೂ ಕಳೆದಿರಲಿಲ್ಲ, ಮೇ 5ರಂದು ಕ್ಲೆಮ್ಸನ್‌ನಲ್ಲಿ ಮಾರ್ಟಿನ್ ಅವರ 1,976ನೇ ಗೆಲುವು ಬಂತು. ಆ ಬೇಸಿಗೆಯಲ್ಲೇ ಮುಂದಿನ ಸೀಸನ್ ತನ್ನ ಕೊನೆಯದು ಅಂತ ಹೇಳಿಬಿಟ್ಟರು. 2019ರ ಮಾರ್ಚ್ 9ರಂದು ವರ್ಜೀನಿಯಾ ಟೆಕ್ ವಿರುದ್ಧ 2,000ದ ಗಡಿ.

ಆ ಕೊನೆಯ ಸೀಸನ್ ಇದೆಯಲ್ಲ, ಅದನ್ನು ಕಥೆಯಾಗಿ ಬರೆದಿದ್ದರೆ ಜಾಸ್ತಿ ಆಯಿತು ಅನ್ನುತ್ತಿದ್ದೆವು. ತಂಡ ಚೆನ್ನಾಗಿರಲಿಲ್ಲ. ಟೂರ್ನಮೆಂಟಿನ 64ರಲ್ಲಿ ಜಾಗ ಸಿಗುತ್ತದೋ ಇಲ್ಲವೋ ಅನ್ನುವ ಸ್ಥಿತಿ. ಹೆಸರು ಬಂದಾಗ ಲೆಕ್ಕ 36 ಗೆಲುವು, 21 ಸೋಲು. ನಲವತ್ತರ ಸರಣಿ ಮುರಿಯಲು ಒಂದು ಕೆಟ್ಟ ವಾರಾಂತ್ಯ ಸಾಕಿತ್ತು. ರೀಜನಲ್ ಜಾರ್ಜಿಯಾದ ಮೈದಾನದಲ್ಲಿ, ಮೂರಕ್ಕೆ ಮೂರೂ ಗೆದ್ದರು. 39. ಸೂಪರ್ ರೀಜನಲ್ ಲೂಯಿಸಿಯಾನಾ ಸ್ಟೇಟ್ ಮೈದಾನದಲ್ಲಿ. ಬೇರೆಯವರು ಕಾಲಿಡಲು ಹೆದರುವ ಜಾಗ. ಮೊದಲ ಪಂದ್ಯ ಗೆದ್ದು 40. ಎರಡನೆಯದು 12ನೇ ಇನಿಂಗ್ಸ್‌ಗೆ ಹೋಯಿತು, ಡ್ರೂ ಮೆಂಡೋಝಾ ಹೊಡೆದ ಚೆಂಡಿಗೆ ಮುಗಿಯಿತು. ಹದಿನೇಳನೇ ಸಲ ಓಮಹಾ.

ಅಲ್ಲಿ ಮೊದಲ ಪಂದ್ಯ ಆರ್ಕನ್ಸಾ ವಿರುದ್ಧ 1-0. ಅಂಥ ತೆಳು ಗೆಲುವು. ಇಡೀ ಊರು ಈ ಸಲ ಆಗಬಹುದು ಅಂದುಕೊಂಡಿತ್ತು. ಎರಡನೆಯದು ಮಿಶಿಗನ್ ವಿರುದ್ಧ 0-2. ಮೂರನೆಯದು ಟೆಕ್ಸಸ್ ಟೆಕ್ ವಿರುದ್ಧ 1-4. ಮೂರು ಪಂದ್ಯದಲ್ಲಿ ಒಟ್ಟು ಎರಡೇ ರನ್. ಎದುರಿಗೆ ಒಳ್ಳೆಯ ಪಿಚರ್‌ಗಳು, ಯಾರೂ ಪುಕ್ಕಟೆ ಏನೂ ಕೊಡಲಿಲ್ಲ. 42 ಗೆಲುವು, 23 ಸೋಲು, ನಿವೃತ್ತಿ.

ಮುಂದಿನ ಕೋಚ್ ಆಗಿ ಮಗನನ್ನೇ ನೇಮಿಸಿದರು. ಇಪ್ಪತ್ತಕ್ಕೂ ಜಾಸ್ತಿ ವರ್ಷ ಅಸಿಸ್ಟೆಂಟ್ ಆಗಿದ್ದವರು, ಪೋಸಿಯನ್ನು ಕ್ಯಾಚರ್ ಮಾಡಿದವರು. ಮೊದಲ ಸೀಸನ್ ಕೋವಿಡ್ ನುಂಗಿತು. 2022ರಲ್ಲಿ, ಮೂರು ಸೀಸನ್ ಮುಗಿಯುತ್ತಿದ್ದ ಹಾಗೇ, ಅವರನ್ನು ತೆಗೆದುಹಾಕಿದರು. ಅಪ್ಪ ಕಟ್ಟಿಟ್ಟ ಅಳತೆಗೋಲು ಮಗನ ಮೇಲೇ ಬಿತ್ತು ಅಂತ ನನಗೆ ಅನ್ನಿಸುತ್ತದೆ. ಟೂರ್ನಮೆಂಟಿಗೆ ಆಯ್ಕೆಯಾಗುವುದನ್ನು ಬೇರೆ ಕಾಲೇಜು ಹಬ್ಬದ ಹಾಗೆ ಆಚರಿಸುತ್ತದೆ. ಟ್ಯಾಲಹಾಸಿಯಲ್ಲಿ ಅದು ಸಂಬಳಕ್ಕೆ ಮಾಡುವ ಮಾಮೂಲಿ ಕೆಲಸ.

ಮಗನ ಜಾಗಕ್ಕೆ ಬಂದವರು ಲಿಂಕ್ ಜಾರೆಟ್. 90ರ ದಶಕದ ಮೊದಲಲ್ಲಿ ಮಾರ್ಟಿನ್ ಅವರ ಶಾರ್ಟ್‌ಸ್ಟಾಪ್. ಬರುವ ಮುಂಚೆ ನೋತ್ರ ಡಾಮ್ ತಂಡವನ್ನು ಓಮಹಾಕ್ಕೆ ಒಯ್ದು ಹೆಸರು ಮಾಡಿದ್ದರು. ಆದರೂ 2023ರಲ್ಲಿ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ. 1978ರಿಂದ ಒಂದು ವರ್ಷವೂ ತಪ್ಪದೆ ಟೂರ್ನಮೆಂಟಿಗೆ ಹೋಗುತ್ತಿದ್ದ ಫ್ಲಾರಿಡಾ ಸ್ಟೇಟ್ ಆ ವರ್ಷ ಮನೆಯಲ್ಲಿ ಕೂತಿತು. ಸೋಲು ಹೇಗಿರುತ್ತದೆ ಅಂತ ಆ ಊರಿನ ಒಂದು ಪೀಳಿಗೆಗೆ ಗೊತ್ತೇ ಇರಲಿಲ್ಲ. 40 ವರ್ಷ ಸುಲಭ ಅಂದುಕೊಂಡಿದ್ದದ್ದು ಎಷ್ಟು ಕಷ್ಟದ್ದು ಅಂತ ಆಗ ಬಹಳ ಜನಕ್ಕೆ ತಿಳಿದಿರಬೇಕು.

ಮಾರ್ಟಿನ್ ಅವರಿಗೆ ಆ ಹೊತ್ತಿಗೆ ಮರೆವಿನ ಕಾಯಿಲೆ ಬಂದಿತ್ತು. ಲೂಯಿ ಬಾಡಿ ಡಿಮೆನ್ಶಿಯಾ ಅನ್ನುತ್ತಾರೆ. 2024ರ ಫೆಬ್ರವರಿ 1ರಂದು, ಹೊಸ ಸೀಸನ್‌ಗೆ ಎರಡೇ ವಾರ ಇದೆ ಅನ್ನುವಾಗ ತೀರಿಕೊಂಡರು. 80 ತುಂಬಲು ಹನ್ನೊಂದು ದಿನ ಬಾಕಿ ಇತ್ತು. ಹೌದು, ಹನ್ನೊಂದೇ.

ಆ ವರ್ಷ ಜಾರೆಟ್ ಅವರ ತಂಡ ಪೂರ್ತಿ ತಿರುಗಿ ನಿಂತಿತು. ಓಮಹಾಕ್ಕೆ ಹೋಯಿತು. ಮೊದಲ ಪಂದ್ಯ ಟೆನೆಸ್ಸೀ ವಿರುದ್ಧ. ಒಂಬತ್ತನೇ ಇನಿಂಗ್ಸ್ ಶುರುವಾದಾಗ ಫ್ಲಾರಿಡಾ ಸ್ಟೇಟ್ ಮುಂದಿತ್ತು. ಕೊನೆಗೆ 12-11ರಿಂದ ಸೋತಿತು. ಹಳೆಯ ಅಭಿಮಾನಿಗಳು ಟಿವಿ ಮುಂದೆ ಏನು ಬೈದುಕೊಂಡಿರಬಹುದು ಅಂತ ಊಹಿಸಬಲ್ಲೆ. ಆಮೇಲೆ ವರ್ಜೀನಿಯಾ, ನಾರ್ತ್ ಕ್ಯಾರೊಲಿನಾ ಎರಡನ್ನೂ ಸೋಲಿಸಿ ಮತ್ತೆ ಟೆನೆಸ್ಸೀ ಎದುರು ಬಂದು, ಮತ್ತೆ ಸೋತು ಹೊರಬಿದ್ದರು. ಟೆನೆಸ್ಸೀ ಚಾಂಪಿಯನ್ ಆಯಿತು. ಫ್ಲಾರಿಡಾ ಸ್ಟೇಟ್ ಆ ಸೀಸನ್‌ನಲ್ಲಿ ಎಷ್ಟು ಗೆದ್ದಿತ್ತು ಅಂತ ಹುಡುಕಿ ನೋಡಿದೆ. 49. ನಲವತ್ತು ಆರಾಮಾಗಿ ದಾಟಿತ್ತು.